ಬಿರುಕು ಬಿಟ್ಟ ಮಣ್ಣು

ಸಂಸ್ಕೃತದಲ್ಲಿ ‘ಛಿದ್ರ’ ಎಂಬ ಶಬ್ದಕ್ಕೆ ತೂತು, ಸೀಳು ಎಂಬ ಅರ್ಥವಿರುವಂತೆಯೇ ದೋಷವೆಂಬ ಅರ್ಥವೂ ಉಂಟು. ಪರರ ಕುಂದನ್ನೇ ಅರಸುತ್ತ ತಿರುಗುವವನನ್ನು ಛಿದ್ರಾನ್ವೇಷಿ ಎಂದು ಕರೆಯುವುದು ಇದರಿಂದಲೇ. ಕನ್ನಡದಲ್ಲಿಯೂ ‘ಒಡಕು’ ಎಂಬ ಮಾತು ಗಡಿಗೆಗೂ ಸಲ್ಲುವುದು, ಅಣ್ಣತಮ್ಮಂದಿರ ಸಂಸಾರಕ್ಕೂ ಸಲ್ಲುವುದು. ಎರಡು ಕಡೆಯಲ್ಲಿಯೂ ಅದು ಒಳ್ಳೆಯ ಸುದ್ದಿಯಲ್ಲ. ಆದರೆ ಕೊರಿಯಾ ದೇಶದ ಭಾಷೆಯಲ್ಲಿ ‘ಗುಮ್’ ಎಂದು ಉಚ್ಚರಿಸುವ ಶಬ್ದಕ್ಕೆ ಬಿರುಕೆಂಬ ಅರ್ಥವೂ ಇರುವುದು, ಚಿನ್ನವೆಂಬ ಅರ್ಥವೂ ಇರುವುದು. ಇವೆರಡರ ಮೂಲ ಬೇರೆ ಬೇರೆ, ಧ್ವನಿ ಮಾತ್ರ ಒಂದು. ನಮ್ಮ ಆಲಂಕಾರಿಕರು ಇದನ್ನು ಶ್ಲೇಷವೆಂದು ಕರೆದು ಸುಮ್ಮನಾಗುತ್ತಿದ್ದರು. ಆ ದೇಶದ ಒಬ್ಬ ಶಿಲ್ಪಿಯು ಈ ಶ್ಲೇಷವನ್ನೇ ಹಿಡಿದು ಮಣ್ಣಿನಲ್ಲಿ ಕಾವ್ಯ ಬರೆದಂತೆ ಪ್ರತಿಮೆಗಳನ್ನು ಕಟ್ಟಿರುವಳು. ಆಕೆಯ ವಿಷಯವನ್ನು ಮುಂದೆ ಹೇಳುವೆನು.

ಸುಟ್ಟ ಮಣ್ಣಿನ ಕಲೆಯಲ್ಲಿ, ಅಂದರೆ ಪಿಂಗಾಣಿ, ಮಡಕೆ, ಮೃಣ್ಮಯ ಪ್ರತಿಮೆ ಮೊದಲಾದವುಗಳಲ್ಲಿ, ಬಿರುಕನ್ನು ದೋಷವೆಂದು ಎಣಿಸಿ ಎಸೆಯಬೇಕೇ, ಅಥವಾ ಅದನ್ನು ಆ ವಸ್ತುವಿನ ಆಯುಸ್ಸಿನ ಒಂದು ಗುರುತೆಂದು ಉಳಿಸಿಕೊಳ್ಳಬೇಕೇ ಎಂಬ ಪ್ರಶ್ನೆ ಬಹು ಹಳೆಯದು. ಪೂರ್ವದೇಶಗಳಲ್ಲಿ ಇದಕ್ಕೆ ಐದಾರು ಶತಮಾನಗಳಿಂದ ವಿಧವಿಧವಾದ ಉತ್ತರಗಳು ಬಂದಿವೆ. ಈಚಿನ ವರ್ಷಗಳಲ್ಲಿ ನಮ್ಮ ಪೇಟೆಗಳಲ್ಲಿಯೂ ಚಿನ್ನದ ಗೆರೆಯೆಳೆದ ಬಟ್ಟಲುಗಳು ಮಾರಾಟಕ್ಕೆ ಬಂದಿರುವುದರಿಂದಲೂ, ಅವುಗಳ ಸಂಗಡ ನಾನಾ ತತ್ತ್ವಬೋಧೆಗಳು ಪುಕ್ಕಟೆಯಾಗಿ ದೊರೆಯುತ್ತಿರುವುದರಿಂದಲೂ, ವಿಷಯದ ಬೇರನ್ನು ಸ್ವಲ್ಪ ಕೆದಕಿ ನೋಡುವುದು ಗೃಹಸ್ಥರಿಗೆ ಅಪ್ರಸ್ತುತವಾಗದು.

ಮೊದಲು ಮಣ್ಣು ಏಕೆ ಬಿರಿಯುವುದೆಂಬುದನ್ನು ತಿಳಿಯೋಣ. ಜೇಡಿಮಣ್ಣಿನ ಕಣಗಳು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಹಾಳೆಗಳಂತಿರುವುವು. ನೀರು ಈ ಹಾಳೆಗಳ ನಡುವೆ ಸೇರಿಕೊಂಡಿರುವ ತನಕ ಅವು ಒಂದರ ಮೇಲೊಂದು ಜಾರುವುವು; ಮಣ್ಣು ಕೈಗೆ ಬಗ್ಗುವುದು ಇದೇ ಕಾರಣದಿಂದ. ನೀರು ಆರುತ್ತ ಬಂದಂತೆ ಕಣಗಳು ಹತ್ತಿರ ಸರಿಯುವುವು, ವಸ್ತು ಕುಗ್ಗುವುದು. ಆರುವಾಗಲೇ ನೂರಕ್ಕೆ ಐದರಿಂದ ಎಂಟು ಪಾಲು ಕುಗ್ಗುವ ಮಣ್ಣುಗಳುಂಟು. ಬೆಂಕಿಯ ಕುಗ್ಗುವಿಕೆಯೂ ಸೇರಿದರೆ ಹತ್ತು ಹನ್ನೆರಡು ಪಾಲಾಗುವುದು. ಒಂದು ಅಡಿ ಎತ್ತರದ ಬೊಂಬೆಯು ಆವಿಗೆಯಿಂದ ಹೊರಬರುವಾಗ ಒಂದು ಅಂಗುಲಕ್ಕೂ ಹೆಚ್ಚು ಕುಳ್ಳಾಗಿರುವುದೆಂದರೆ ವಾಚಕರಿಗೆ ಅಂದಾಜಾದೀತು. ಎಲ್ಲ ಭಾಗಗಳೂ ಸಮವಾಗಿ ಕುಗ್ಗಿದರೆ ತೊಂದರೆಯಿಲ್ಲ. ಆದರೆ ಕಿವಿ, ಬೆರಳು, ಸೆರಗಿನ ಅಂಚು ಮೊದಲು ಆರುವುವು; ಎದೆ, ತೊಡೆಗಳಂತಹ ದಪ್ಪ ಭಾಗಗಳು ತಡವಾಗಿ ಆರುವುವು. ಬೇಗ ಕುಗ್ಗಿದುದು ಎಳೆಯುವುದು, ಇನ್ನೂ ಕುಗ್ಗದುದು ತಡೆಯುವುದು. ಈ ಎಳೆದಾಟದಲ್ಲಿ ಕೊರಳು, ಮೊಣಕೈ, ಕಾಲ್ಗಂಟುಗಳಲ್ಲಿ ಬಿರುಕು ಬೀಳುವುದು. ತಿಗರಿಯ ಮೇಲೆ ತಿರುಗಿಸಿದ ಗಡಿಗೆಯ ಗೋಡೆ ಎಲ್ಲೆಡೆಯೂ ಒಂದೇ ದಪ್ಪವಿರುವುದರಿಂದ ಅದು ಪಾರಾಗುವುದು ಸುಲಭ. ಪ್ರತಿಮೆಗೆ ಆ ಭಾಗ್ಯವಿಲ್ಲ. ಆದುದರಿಂದಲೇ ಬಲ್ಲ ಶಿಲ್ಪಿಗಳು ಪ್ರತಿಮೆಯನ್ನು ಒಳಗೆ ಟೊಳ್ಳಾಗಿ ಮಾಡುವರು, ಒದ್ದೆಯ ಬಟ್ಟೆ ಸುತ್ತಿ ವಾರಗಟ್ಟಲೆ ನೆರಳಿನಲ್ಲಿ ಆರಿಸುವರು.

ಇಷ್ಟಾದ ಮೇಲೆ ಅಗ್ನಿಪರೀಕ್ಷೆ. ಉಳಿದಿದ್ದ ನೀರಿನ ಅಂಶ ಆವಿಯಾಗಿ ಹೊರಟು ದಾರಿ ಸಿಗದಿದ್ದರೆ ಬೊಂಬೆ ಸಿಡಿಯುವುದು. ಸುಮಾರು ೪೫೦ ಡಿಗ್ರಿ ಸೆಂಟಿಗ್ರೇಡಿನ ಮೇಲೆ ಮಣ್ಣಿನ ಕಣದೊಳಗೆ ರಾಸಾಯನಿಕವಾಗಿ ಕೂಡಿಕೊಂಡಿದ್ದ ನೀರೂ ಬಿಟ್ಟುಹೋಗುವುದು; ಆ ಮೇಲೆ ಅದು ಮತ್ತೆ ಕಲಸಲಾರದ ಬೇರೊಂದು ಪದಾರ್ಥ. ಇನ್ನೊಂದು ಗಂಡಾಂತರವು ೫೭೩ ಡಿಗ್ರಿಯಲ್ಲಿರುವುದು. ಮಣ್ಣಿನಲ್ಲಿ ಬೆರೆತ ಬೆಣಚುಕಲ್ಲಿನ ಹರಳು ಈ ಶಾಖವನ್ನು ದಾಟುವಾಗ ತಟಕ್ಕನೆ ಹಿಗ್ಗುವುದು, ತಣಿಯುವಾಗ ಅದೇ ಮೆಟ್ಟಿಲಿನಲ್ಲಿ ತಟಕ್ಕನೆ ಕುಗ್ಗುವುದು. ಆತುರದಿಂದ ಆವಿಗೆಯ ಬಾಯಿ ತೆರೆದವನಿಗೆ ಒಳಗಿನಿಂದ ಟಣ್ಣೆಂಬ ಸದ್ದು ಕೇಳಿಸಿದರೆ, ಒಂದು ಪಾತ್ರೆ ಸೀಳಿತೆಂದೇ ಅರ್ಥ. ಬಿರುಕನ್ನು ನೋಡಿ ಅದು ಹುಟ್ಟಿದ ಗಳಿಗೆಯನ್ನು ಹೇಳಬಲ್ಲ ಕೈಗಾರರುಂಟು: ಗಾಜುಲೇಪವು ಬಿರುಕಿನೊಳಕ್ಕೆ ಹರಿದು ಅಂಚು ನುಣ್ಣಗಾಗಿದ್ದರೆ ಅದು ಲೇಪ ಕರಗುವ ಮೊದಲೇ ಬಿದ್ದುದು, ಅಂಚು ಕತ್ತಿಯಂತೆ ಹರಿತವಾಗಿದ್ದರೆ ತಣಿಯುವಾಗ ಬಿದ್ದುದು. ಜ್ಯೋತಿಷಿಗಳು ಜಾತಕ ಬರೆಯುವುದಕ್ಕಿಂತ ಇದು ಹೆಚ್ಚು ನಂಬತಕ್ಕ ವಿದ್ಯೆ.

ನಾನು ಉಪಾಧ್ಯಾಯನಾಗಿದ್ದ ಒಂದು ಊರಿನಲ್ಲಿ ಕುಂಬಾರಗೇರಿಯು ಶಾಲೆಯ ಹಿಂಬದಿಗೇ ಇದ್ದಿತು. ಅಲ್ಲಿಯ ವೃದ್ಧನೊಬ್ಬನು ಆವಿಗೆ ಬಿಚ್ಚಿದ ದಿನ ಒಂದೊಂದೇ ಗಡಿಗೆಯನ್ನೆತ್ತಿ ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುವನು. ಕಂಚಿನಂತೆ ನುಡಿದುದು ಒಂದು ಕಡೆಗೆ, ಬೊದ್ದೆಂದುದು ಇನ್ನೊಂದು ಕಡೆಗೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಕೇಳುವುದೆಂದು ನಾನು ಅಲ್ಲಿಯೇ ಕಲಿತುದು. ಒಮ್ಮೆ ಒಡಕು ಗಡಿಗೆಯೊಂದರ ಮೈಮೇಲೆ ಹೊಗೆಯ ಬಣ್ಣವೂ ಸೀಳಿನ ಗೆರೆಯೂ ಸೇರಿ ನದಿಯ ಚಿತ್ರದಂತೆ ತೋರಲು, “ಇದು ಎಷ್ಟು ಚೆನ್ನಾಗಿದೆ, ಅಜ್ಜ!” ಎಂದೆನು. ಆತನು ನಕ್ಕು, “ನೋಡೋಕೆ ಚೆಂದವೇ, ಮೇಷ್ಟ್ರೇ. ನೀರು ನಿಲ್ಲಬೇಕಲ್ಲ. ನಮಗೆ ಅದು ಒಂದು ಹೊತ್ತಿನ ಮುದ್ದೆ” ಎಂದನು. ಬಿರುಕಿನ ಸೌಂದರ್ಯವನ್ನು ಕುರಿತು ಎಷ್ಟೋ ಓದಿರುವೆನಾದರೂ ಈ ಮಾತನ್ನು ಪಕ್ಕದಲ್ಲಿಟ್ಟುಕೊಂಡೇ ಓದುತ್ತ ಬಂದಿರುವೆನು. ಆತನು ಆ ಗಡಿಗೆಯನ್ನು ಎಸೆಯಲಿಲ್ಲವೆಂಬುದನ್ನೂ ಹೇಳಬೇಕು. ನೀರಿಗಾಗದುದು ಬೂದಿಗೆ, ಹುರುಳಿಗೆ, ಕೋಳಿಯನ್ನು ಕಾವಿಗೆ ಕೂರಿಸುವುದಕ್ಕೆ ಅರ್ಧ ಬೆಲೆಗೆ ಹೋಗುತ್ತಿತ್ತು. ಅದಕ್ಕೂ ಆಗದ ಬೋಕಿಯನ್ನು ಕುಟ್ಟಿ ಪುಡಿಮಾಡಿ ಹೊಸ ಮಣ್ಣಿಗೆ ಬೆರೆಸುತ್ತಿದ್ದನು. ಒಮ್ಮೆ ಬೆಂದ ಪುಡಿ ಮತ್ತೆ ಕುಗ್ಗದಾದುದರಿಂದ ಅದು ಬೆರೆತ ಮಣ್ಣು ಕಡಮೆ ಬಿರಿಯುವುದು. ಜಗತ್ತಿನಾದ್ಯಂತ ದೊಡ್ಡ ಪ್ರತಿಮೆ ಮಾಡುವವರೆಲ್ಲರೂ ಇಂದಿಗೂ ಇದನ್ನೇ ಮಾಡುವರು. ಒಡೆದುದರ ಪುಡಿಯೇ ಹೊಸತಕ್ಕೆ ಬೆನ್ನೆಲುಬು.

ಬಿರುಕನ್ನು ಬೇಕೆಂದೇ ಬರಿಸಿದವರಲ್ಲಿ ಚೀನೀಯರು ಹಿರಿಯರು. ಪಾತ್ರೆಯ ಮೇಲಿನ ಗಾಜುಲೇಪವು ತಣಿಯುವಾಗ ಒಳಗಿನ ಮಣ್ಣಿಗಿಂತ ಹೆಚ್ಚಾಗಿ ಕುಗ್ಗುವಂತಿದ್ದರೆ, ಅದು ಸಾಲದ ಅಂಗಿಯಂತೆ ಬಿಗಿದು, ಜೇಡರ ಬಲೆಯ ಹಾಗೆ ಸಣ್ಣ ಸಣ್ಣ ಗೆರೆಗಳಾಗಿ ಬಿರಿಯುವುದು. ಸಾಮಾನ್ಯ ಕುಂಬಾರನಿಗೆ ಇದು ಲೇಪದ ತಪ್ಪು. ಸೋಂಗ್ ವಂಶದ ಅರಸರ ಕಾಲದ ಗ್ವಾನ್ ಎಂಬ ರಾಜಪಾತ್ರೆಗಳಲ್ಲಿಯೂ, ‘ಗ’ ಎಂಬ ಹೆಸರಿನ ಪಾತ್ರೆಗಳಲ್ಲಿಯೂ ಇದೇ ಅಲಂಕಾರವಾಯಿತು. ಹಿರಿದಾದ ಗೆರೆಗಳಿಗೆ ಕಪ್ಪು, ಅವುಗಳ ನಡುವಣ ಕಿರಿದಾದ ಗೆರೆಗಳಿಗೆ ಹೊಂಬಣ್ಣ ಬರುವಂತೆ ಮಾಡಿ, ಅದಕ್ಕೆ ‘ಚಿನ್ನದ ನೂಲು, ಕಬ್ಬಿಣದ ತಂತಿ’ ಎಂದು ಹೆಸರಿಟ್ಟರು. ‘ಗ’ ಎಂದರೆ ಅಣ್ಣನೆಂದು ಅರ್ಥ. ಅಣ್ಣತಮ್ಮಂದಿರಾದ ಇಬ್ಬರು ಕುಂಬಾರರಲ್ಲಿ ಅಣ್ಣನ ಪಾತ್ರೆಗಳ ಲೇಪ ಬಿರಿಯಿತೆಂದೂ, ಅದೇ ಪ್ರಸಿದ್ಧವಾಯಿತೆಂದೂ ಕಥೆ. ಸಂಸಾರದ ಒಡಕನ್ನು ಮೊದಲೇ ಹೇಳಿದೆನಷ್ಟೆ. ಇಲ್ಲಿ ಅಣ್ಣನ ಪಾಲಿಗೆ ಒಡಕೇ ಕೀರ್ತಿಯಾಯಿತು. ಆದರೆ ಈ ಬಿರುಕುಗಳು ಲೇಪದಲ್ಲಿ ಮಾತ್ರ ಇರುವುವು, ಮೈಗೆ ಇಳಿಯುವುದಿಲ್ಲ. ಇದು ಹೆದರಿಕೆಯಿಲ್ಲದ ಬಿರುಕು. ನಿಜವಾಗಿ ಒಡೆದುದನ್ನು ಆದರಿಸುವ ಮಾತು ಬಂದುದು ಜಪಾನಿನಲ್ಲಿ.

ಆ ದೇಶದ ಟೋಕಿಯೋ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ಹಸುರು ಬಟ್ಟಲಿರುವುದು. ಚೀನಾದ ಲುಂಗ್‌ಚುವಾನ್ ಒಲೆಗಳಲ್ಲಿ ಆದುದು. ೧೭೨೭ರಲ್ಲಿ ಇತೋ ತೋಗಾಯ್ ಎಂಬ ವಿದ್ವಾಂಸನು ಇದರ ವೃತ್ತಾಂತವನ್ನು ಬರೆದಿಟ್ಟನು. ಅದರಂತೆ, ಹಿಂದೆ ತೈರಾ ಮನೆತನದ ಶಿಗೆಮೋರಿಯು ಚೀನಾದ ಒಂದು ವಿಹಾರಕ್ಕೆ ಚಿನ್ನವನ್ನು ಕಾಣಿಕೆಯಾಗಿ ಕಳುಹಿಸಲು, ಅಲ್ಲಿಯ ಗುರುವು ಪ್ರತಿಯಾಗಿ ಈ ಬಟ್ಟಲನ್ನು ಕೊಟ್ಟನಂತೆ. ಆ ವಿಹಾರದ ಬೆಟ್ಟದ ಹೆಸರು ಆಯುವಾಂಗ್, ಎಂದರೆ ಅಶೋಕರಾಜ. ಮಸ್ಕಿಯ ಬಂಡೆಯ ಮೇಲೆ ತನ್ನ ಹೆಸರನ್ನು ಕೆತ್ತಿಸಿದ ನಮ್ಮ ಅಶೋಕನೇ ಅವನು. ಮುಂದೆ ಹದಿನೈದನೆಯ ಶತಮಾನದಲ್ಲಿ ಬಟ್ಟಲು ಷೋಗನ್ ಆಶಿಕಾಗಾ ಯೋಶಿಮಾಸನ ಕೈಸೇರಿದಾಗ ಬಿರುಕು ಬಿಟ್ಟಿತ್ತು. ಇಂಥದೇ ಇನ್ನೊಂದು ಬೇಕೆಂದು ಆತನು ಅದನ್ನು ಚೀನಾಕ್ಕೆ ಕಳುಹಿಸಿದನು. ಅಂಥದು ಈಗ ಮಾಡುವವರಿಲ್ಲವೆಂದು ಹೇಳಿ, ಅವರು ಹಳೆಯದಕ್ಕೇ ಕಬ್ಬಿಣದ ಚಿಲಕಗಳನ್ನು ಹೊಡೆದು ಬಿಗಿದು ಹಿಂದಕ್ಕೆ ಕಳುಹಿಸಿದರು. ಮಿಡತೆಗಳು ಕೂತಂತೆ ತೋರುವ ಆ ಚಿಲಕಗಳಿಂದಲೇ ಬಟ್ಟಲಿಗೆ ‘ಬಕೋಹಾನ್’ ಎಂಬ ಹೆಸರು ಬಂದಿತು. ಈ ಚಿಲಕಗಳನ್ನು ಕಂಡು ಯೋಶಿಮಾಸನು ಅಸಹ್ಯಪಟ್ಟು, ಚಿನ್ನದಿಂದ ಬೆಸೆಯುವ ವಿದ್ಯೆಯನ್ನು ತನ್ನವರಿಂದ ಕಂಡುಹಿಡಿಸಿದನೆಂದು ಈಗ ಎಲ್ಲೆಡೆಯೂ ಹೇಳುತ್ತಿರುವರು. ನನಗೆ ಇದು ಒಪ್ಪಿಗೆಯಾಗದು. ಚಿಲಕಗಳು ಇಂದಿಗೂ ಆ ಬಟ್ಟಲಿನ ಮೇಲೆಯೇ ಇವೆ, ಅದರ ಹೆಸರೂ ಚಿಲಕಗಳದೇ. ಅಸಹ್ಯವಾದುದರ ಹೆಸರನ್ನು ಯಾರು ಮಗುವಿಗೆ ಇಡುವರು?

ಕಿನ್‌ತ್ಸುಗಿ, ಅಂದರೆ ‘ಚಿನ್ನದ ಜೋಡಣೆ’, ಎಂಬ ಆ ವಿದ್ಯೆಯ ಹೆಸರಿನಲ್ಲಿಯೇ ಒಂದು ಭ್ರಾಂತಿಯುಂಟು. ಜೋಡಿಸುವುದು ಚಿನ್ನವಲ್ಲ, ಮರದ ಸೊನೆ. ಉರುಷಿ ಎಂಬ ಮರದ ತೊಗಟೆಯನ್ನು ಗೀರಿ ಇಳಿಸಿದ ಈ ಸೊನೆಯು ನಮ್ಮ ಮಾವಿನ ಸೊನೆಗೆ ಹತ್ತಿರದ ಸಂಬಂಧಿ; ಮಾವು, ಗೋಡಂಬಿ, ಅಗಸರು ಬಟ್ಟೆಗೆ ಗುರುತು ಹಾಕುವ ಗೇರುಬೀಜ, ಇವೆಲ್ಲವೂ ಉರುಷಿಯೂ ಒಂದೇ ಸಸ್ಯಕುಟುಂಬದವು. ಸಂಸ್ಕೃತದಲ್ಲಿ ಭಲ್ಲಾತಕವೆನಿಸುವ ಆ ಗೇರಿನ ಎಣ್ಣೆ ಸೋಕಿ ಮೈ ಬೊಬ್ಬೆಯೆದ್ದವರಿಗೆ ಉರುಷಿಯ ಗುಣವನ್ನು ವಿವರಿಸಬೇಕಾಗಿಲ್ಲ. ಹೊಸದಾಗಿ ಕಲಿಯುವವರ ಕೈ ಮುಖಗಳು ಊದಿಕೊಳ್ಳುವುವು. ಈ ಸೊನೆಯಲ್ಲಿ ಗೋದಿಹಿಟ್ಟನ್ನು ಕಲಸಿದರೆ ಅಂಟು; ನುಣುಪಾದ ಮಣ್ಣಿನ ಪುಡಿಯನ್ನು ಕಲಸಿದರೆ ಸಂದುಗಳನ್ನು ತುಂಬುವ ಗಾರೆ. ಇನ್ನೊಂದು ಆಶ್ಚರ್ಯವೇನೆಂದರೆ, ಇದು ಬಿಸಿಲಿನಲ್ಲಿ ಒಣಗಿ ಗಟ್ಟಿಯಾಗುವ ಪದಾರ್ಥವಲ್ಲ. ಗಾಳಿಯಲ್ಲಿ ತೇವವಿದ್ದರೆ ಮಾತ್ರ ಗಟ್ಟಿಯಾಗುವುದು. ಆದುದರಿಂದ ಜೋಡಿಸಿದ ಪಾತ್ರೆಯನ್ನು ಒದ್ದೆ ಮಾಡಿದ ಮರದ ಪೆಟ್ಟಿಗೆಯೊಳಗೆ, ನಮ್ಮ ಮಲೆನಾಡಿನ ಆಷಾಢದಂತಹ ಹವೆಯಲ್ಲಿ, ದಿನಗಟ್ಟಲೆ ಇಡುವರು. ಹೊರತೆಗೆದು ಉಜ್ಜುವರು, ಮತ್ತೆ ಹಚ್ಚುವರು, ಮತ್ತೆ ಒಳಗಿಡುವರು. ಹೀಗೆ ವಾರಗಳೂ ತಿಂಗಳುಗಳೂ ಕಳೆಯುವುವು. ಕಟ್ಟಕಡೆಗೆ ಕೆಂಪು ಸೊನೆಯ ತೆಳುವಾದ ಗೆರೆಯೆಳೆದು, ಅದು ಇನ್ನೂ ಹಸಿಯಾಗಿರುವಾಗಲೇ ಚಿನ್ನದ ಪುಡಿಯನ್ನು ಚಿಮುಕಿಸುವರು. ಚಿನ್ನವು ಹೊರಗಿನ ತೊಗಲು ಮಾತ್ರ. ಚೂರು ಕಳೆದುಹೋಗಿದ್ದರೆ ಬೇರೊಂದು ಪಾತ್ರೆಯ ಚೂರನ್ನು ತಂದು ಕೂರಿಸುವುದೂ ಉಂಟು. ಹೂವಿನ ಚಿತ್ರದ ಬಟ್ಟಲಿನ ನಡುವೆ ನೀಲಿಯ ತುಂಡೊಂದು, ನಂಟರ ಮನೆಗೆ ಬಂದು ಉಳಿದುಬಿಟ್ಟ ಹುಡುಗನಂತೆ, ನೆಮ್ಮದಿಯಾಗಿ ಕುಳಿತಿರುವುದು. ನಮ್ಮ ನೀತಿಕಾರರು ದುರ್ಜನರ ಸ್ನೇಹವನ್ನು ಮಣ್ಣಿನ ಕೊಡಕ್ಕೂ ಸಜ್ಜನರ ಸ್ನೇಹವನ್ನು ಚಿನ್ನದ ಕೊಡಕ್ಕೂ ಹೋಲಿಸಿರುವರು. ಮಣ್ಣಿನ ಕೊಡವನ್ನು ಚಿನ್ನದ ಗೆರೆಯಿಂದಲೇ ಬೆಸೆದರೆ ಅದು ಯಾರ ಸ್ನೇಹಕ್ಕೆ ಹೋಲಿಕೆಯಾಗಬೇಕೋ ಅವರು ಹೇಳಿಲ್ಲ.

ಈ ಆದರವು ಎಲ್ಲಿಯವರೆಗೆ ಹೋಯಿತೆಂಬುದಕ್ಕೆ ಎರಡು ವಸ್ತುಗಳನ್ನು ಹೆಸರಿಸುವೆನು. ಇವೆರಡೂ ಕೈಜಾರಿ ಒಡೆದವುಗಳಲ್ಲ, ಬೆಂಕಿಯಲ್ಲಿಯೇ ಬಿರಿದವು.

ಮೊದಲನೆಯದು ‘ಸೆಪ್ಪೋ’, ಎಂದರೆ ಹಿಮಶಿಖರ. ಹೊನಾಮಿ ಕೋಯೆತ್ಸು (೧೫೫೮–೧೬೩೭) ಎಂಬಾತನು ವೃತ್ತಿಯಿಂದ ಕುಂಬಾರನಲ್ಲ. ಕತ್ತಿಗಳನ್ನು ಮಸೆದು ಪರೀಕ್ಷಿಸುವ ಮನೆತನದವನು, ಲಿಪಿಕಲೆಯಲ್ಲಿ ಆ ಕಾಲದ ಅಗ್ರಗಣ್ಯ. ರಾಕು ಮನೆತನದವರಿಂದ ಮಣ್ಣಿನ ಕೆಲಸವನ್ನು ಕಲಿತು ಕೈಯಿಂದಲೇ ಅದುಮಿ ಬಟ್ಟಲುಗಳನ್ನು ಮಾಡುತ್ತಿದ್ದನು. ಕೆಂಪು ಮೈಯ ಈ ಬಟ್ಟಲು ಸುಡುವಾಗ ದೊಡ್ಡದಾಗಿ ಬಿರಿಯಿತು. ಅದನ್ನು ಎಸೆಯದೆ ಬಿರುಕಿಗೆ ಚಿನ್ನವನ್ನು ತುಂಬಲಾಯಿತು. ಮೇಲಿನ ಬಿಳಿಯ ಲೇಪವು ಶಿಖರದ ಹಿಮದಂತೆಯೂ, ಬಿರುಕುಗಳು ಹಿಮ ಕರಗಿ ಇಳಿಯುವ ತೊರೆಗಳಂತೆಯೂ ತೋರಿದುದರಿಂದ ಆ ಹೆಸರು ಬಂದಿತೆಂದು ಹೇಳುವರು. ಟೋಕಿಯೋ ನಗರದ ಹತಾಕೆಯಾಮಾ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಅದು ಈಗಲೂ ಇರುವುದು. ಚಹದ ಬಟ್ಟಲೊಂದಕ್ಕೆ ಹೆಸರಿಡುವುದೇ ನಮಗೆ ವಿಚಿತ್ರವೆನಿಸುವುದು. ಆದರೆ ಕೊಡಲಿ, ಕುಡುಗೋಲುಗಳಿಗೆ ಆಯುಧಪೂಜೆ ಮಾಡುವ ನಾವು ನಗಬೇಕಾದುದಿಲ್ಲ.

ಎರಡನೆಯದು ಟೋಕಿಯೋದ ಗೋತೋ ವಸ್ತುಸಂಗ್ರಹಾಲಯದಲ್ಲಿರುವ ನೀರಿನ ಪಾತ್ರೆ. ಹೆಸರು ‘ಯಾಬುರೆ ಬುಕುರೋ’, ಹರಿದ ಚೀಲ. ಇಗಾ ಪ್ರಾಂತದ ಒರಟು ಮಣ್ಣು. ಸೌದೆಯ ಬೂದಿಯೇ ಮೈಮೇಲೆ ಕರಗಿ ಹಸುರು ಲೇಪವಾಗಿರುವುದು. ಕೆಳಭಾಗವು ಭಾರಕ್ಕೆ ಕುಸಿದು ಉಬ್ಬಿ, ತುಂಬಿದ ಅಕ್ಕಿಯ ಚೀಲದ ಹೊಲಿಗೆ ಬಿಚ್ಚಿದಂತೆ ದೊಡ್ಡದಾಗಿ ಬಾಯಿಬಿಟ್ಟಿರುವುದು. ಇದನ್ನು ಪಾತ್ರೆಯೆನ್ನುವುದಕ್ಕಿಂತ ಪ್ರತಿಮೆಯೆನ್ನುವುದೇ ಸರಿ. ಮಣ್ಣು ತನ್ನ ಭಾರವನ್ನು ತಾನೇ ಹೊರಲಾರದೆ ಸೋತ ಕ್ಷಣವು ಅಲ್ಲಿ ಕಲ್ಲಾಗಿ ನಿಂತಿರುವುದು. ಚಹದ ಗುರುವೂ ಸೇನಾನಿಯೂ ಆಗಿದ್ದ ಫುರುತಾ ಒರಿಬೆಯು ಇದನ್ನು ಓನೋ ಮನೆತನದ ಒಬ್ಬ ಸರದಾರನಿಗೆ ಕಳುಹಿಸುವಾಗ ಒಂದು ಓಲೆಯನ್ನು ಜೊತೆಗಿಟ್ಟಿದ್ದನು. ಇನ್ನು ಮುಂದೆ ಇಂಥದು ದೊರೆಯಲಾರದೆಂದೂ, ದೊಡ್ಡ ಬಿರುಕೊಂದುಂಟೆಂದೂ, ಅದನ್ನು ಸೈರಿಸಿಕೊಳ್ಳಬೇಕೆಂದೂ ಅದರ ತಾತ್ಪರ್ಯ. ನನಗೆ ಈ ಓಲೆಯು ಬಹು ಪ್ರಿಯವಾದುದು, ಏಕೆಂದರೆ ಒರಿಬೆಯು ಬಿರುಕನ್ನು ಹೊಗಳಲಿಲ್ಲ. ಅದು ಕುಂದೆಂದು ಒಪ್ಪಿ, ಕುಂದನ್ನು ಮೀರಿದ ಗುಣವಿದೆಯೆಂದು ಸೂಚಿಸಿದನು. ಅಂಗೀಕಾರ ಬೇರೆ, ಸ್ತೋತ್ರ ಬೇರೆ. ೧೬೧೫ರಲ್ಲಿ ರಾಜದ್ರೋಹದ ಸಂಶಯಕ್ಕೆ ಗುರಿಯಾಗಿ ಒರಿಬೆಯು ಪ್ರಭುವಿನ ಆಜ್ಞೆಯಂತೆ ಆತ್ಮಹತ್ಯೆ ಮಾಡಿಕೊಂಡನು. ಆ ಓಲೆಯು ೧೯೨೩ರ ಮಹಾಭೂಕಂಪದ ಬೆಂಕಿಯಲ್ಲಿ ಸುಟ್ಟುಹೋಯಿತು. ಬಿರಿದ ಮಣ್ಣು ಉಳಿದಿದೆ.

ಒಡೆದ ಬಟ್ಟಲೊಂದು ಪ್ರಾಣವನ್ನೇ ತೆಗೆಯಬಹುದಾಗಿದ್ದ ಪ್ರಸಂಗವೂ ಉಂಟು. ತ್ಸುತ್ಸುಯ್ ಜುಂಕೆಯ್ ಎಂಬ ಸಾಮಂತನಿಂದ ಹಿದೆಯೋಶಿಗೆ ಬಂದಿದ್ದ ಕೊರಿಯಾದ ಬಟ್ಟಲನ್ನು ಆಳುಹುಡುಗನೊಬ್ಬನು ಕೈಜಾರಿಸಿ ಐದು ಚೂರು ಮಾಡಿದನು. ಒಡೆಯನ ಮುಖ ಕೆಂಪೇರಿತು. ಸಭೆಯಲ್ಲಿದ್ದ ಹೊಸೊಕಾವಾ ಯೂಸಾಯ್ ಎಂಬ ಕವಿಯು ಹಳೆಯ ಪದ್ಯವೊಂದನ್ನು ತಿರುಚಿ, ಐದೆಂಬ ಸಂಖ್ಯೆಯ ಮೇಲೆ ಶ್ಲೇಷ ಮಾಡಿ, ತಪ್ಪು ತನ್ನದೆಂಬಂತೆ ಹಾಸ್ಯವಾಗಿ ಹಾಡಲು, ಎಲ್ಲರೂ ನಕ್ಕರು, ಹುಡುಗನು ಬದುಕಿದನು. ಬೆಸೆದ ಬಟ್ಟಲಿಗೆ ಮೊದಲಿಗಿಂತ ಹೆಚ್ಚು ಹೆಸರಾಯಿತು. ನಮ್ಮ ಮನೆಗಳಲ್ಲಿ ಗಾಜಿನ ಲೋಟ ಒಡೆದ ಮಗುವಿನ ಬೆನ್ನು ನೆನಪಾಗುವಾಗ ಇಂಥ ಕವಿಯೊಬ್ಬನು ಮನೆಗೊಬ್ಬನಿರಬಾರದೇ ಎನ್ನಿಸುವುದು.

ಇಲ್ಲಿ ನಿಂತು ಒಂದು ಮಾತನ್ನು ಹೇಳಲೇಬೇಕು. ಈ ಸೆಪ್ಪೋ, ಈ ಹರಿದ ಚೀಲ, ಇವುಗಳ ಬಿರುಕನ್ನು ಆದರಿಸಿದವರು ಯಾರು? ಸೇನಾಧಿಪತಿಗಳು, ಧನಿಕರು, ಚಿನ್ನದ ಪುಡಿಯನ್ನು ಕೊಳ್ಳಬಲ್ಲವರು. ಕುಂಬಾರಗೇರಿಯ ಅಜ್ಜನಿಗೆ ಆ ವಿಲಾಸವಿರಲಿಲ್ಲ. ಬಿರುಕಿನ ನಷ್ಟವನ್ನು ಒಬ್ಬನು ಹೊತ್ತು, ಅದರ ಸೌಂದರ್ಯವನ್ನು ಇನ್ನೊಬ್ಬನು ಸವಿದರೆ ಅದು ನ್ಯಾಯವೆನಿಸದು. ಬಿರುಕಿನ ಗಡಿಗೆಯನ್ನು ಕಲೆಯೆಂದು ಹೊಗಳುವವನು ಅದನ್ನು ಪೂರ್ತಿ ಬೆಲೆಕೊಟ್ಟು ಕೊಳ್ಳಲಿ. ಹೊಗಳಿಕೆಯ ನಿಜವು ಆಗ ತಿಳಿಯುವುದು. ಇನ್ನೊಂದು: ಈಗ ಪೇಟೆಯಲ್ಲಿ ಸಿಗುವ ಜೋಡಣೆಯ ಪೆಟ್ಟಿಗೆಗಳಲ್ಲಿ ಉರುಷಿಯ ಬದಲು ರಾಸಾಯನಿಕ ಅಂಟೂ, ಚಿನ್ನದ ಬದಲು ಹಿತ್ತಾಳೆಯ ಪುಡಿಯೂ ಇರುವುದು ಸಾಮಾನ್ಯ. ಹೂವಿನ ಕುಂಡಕ್ಕೆ ಅದು ಸಾಕು. ಹುಳಿಯ ಪದಾರ್ಥವನ್ನೋ ಬಿಸಿಯ ಕಾಫಿಯನ್ನೋ ಅಂಥ ಬಟ್ಟಲಿನಲ್ಲಿ ಬಡಿಸತಕ್ಕದ್ದಲ್ಲ. ಗೃಹಿಣಿಯರು ಇದನ್ನು ಗಮನದಲ್ಲಿಡಬೇಕು. ಒಡೆಯದ ಬಟ್ಟಲಿನ ಮೇಲೆ ಒಡೆದಂತೆ ಗೆರೆಯೆಳೆದು ಮಾರುವುದಂತೂ, ಹುಣ್ಣಿಲ್ಲದವನು ಪಟ್ಟಿ ಕಟ್ಟಿಕೊಂಡು ಭಿಕ್ಷೆ ಬೇಡಿದಂತೆ.

ಕಳೆದ ಶತಮಾನದಲ್ಲಿ ಈ ವಿಚಾರವು ಬಟ್ಟಲುಗಳನ್ನು ದಾಟಿ ಶುದ್ಧ ಪ್ರತಿಮಾಶಿಲ್ಪಕ್ಕೆ ಬಂದಿತು. ಅಮೆರಿಕದ ಮೊಂಟಾನಾ ಪ್ರಾಂತದಲ್ಲಿ ಗ್ರೀಕ್ ವಲಸೆಗಾರರ ಮಗನಾಗಿ ಹುಟ್ಟಿದ ಪೀಟರ್ ವೌಲ್ಕೋಸನು (೧೯೨೪–೨೦೦೨) ಮೊದಲು ತಿಗರಿಯ ಮೇಲೆ ನುಣುಪಾದ, ಬಹುಮಾನ ಗೆಲ್ಲುವ ಪಾತ್ರೆಗಳನ್ನು ಮಾಡುತ್ತಿದ್ದನು. ೧೯೫೪ರಲ್ಲಿ ಲಾಸ್ ಏಂಜಲೀಸಿನಲ್ಲಿ ಉಪಾಧ್ಯಾಯನಾದ ಮೇಲೆ ಅವನ ಕೈ ಬದಲಾಯಿತು. ತಿರುಗಿಸಿದ ಪಾತ್ರೆಗಳನ್ನು ಒಂದರ ಮೇಲೊಂದು ಪೇರಿಸಿ, ಸೀಳಿ, ತೂತು ಕೊರೆದು, ಬಿಳಿಯ ಪಿಂಗಾಣಿಯ ಉಂಡೆಗಳನ್ನು ಕಂದು ಮಣ್ಣಿನೊಳಗೆ ತುರುಕಿ ಸುಟ್ಟನು. ಎರಡು ಮಣ್ಣುಗಳ ಕುಗ್ಗುವಿಕೆ ಬೇರೆಯಾದುದರಿಂದ ಉಂಡೆಯ ಸುತ್ತಲೂ ಬಿರುಕು ಬೀಳುವುದು; ಅದು ಅವನಿಗೆ ಗೊತ್ತಿದ್ದೇ ಮಾಡಿದುದು. ಪಾಠಶಾಲೆಯಲ್ಲಿ ಮಾಡಬಾರದೆಂದು ಕಲಿಸುವುದೆಲ್ಲವೂ ಅವನ ಕೃತಿಗಳಲ್ಲಿರುವುದು. ನನ್ನಂತಹ ಹಳೆಯ ಉಪಾಧ್ಯಾಯನಿಗೆ ಇದು ಸ್ವಲ್ಪ ಕಸಿವಿಸಿಯ ಸಂಗತಿಯಾದರೂ, ವ್ಯಾಕರಣವನ್ನು ಮೊದಲು ಕರತಲಾಮಲಕ ಮಾಡಿಕೊಂಡವನು ಮಾಡಿದ ಆರ್ಷಪ್ರಯೋಗವೆಂದು ಸಮಾಧಾನ ತಂದುಕೊಳ್ಳುವೆನು.

ಆರಂಭದಲ್ಲಿ ಹೇಳಿದ ಕೊರಿಯಾದ ಶಿಲ್ಪಿಯು ೧೯೬೩ರಲ್ಲಿ ಹುಟ್ಟಿದ ಯೀ ಸೂಕ್ಯುಂಗ್. ಆ ದೇಶದಲ್ಲಿ ಹಳೆಯ ಸಂಪ್ರದಾಯದ ಪಾತ್ರೆಗಳನ್ನು ಮಾಡುವ ಕುಶಲ ಕುಂಬಾರರು ಆವಿಗೆ ತೆರೆದ ಕೂಡಲೆ ಒಂದೊಂದನ್ನೂ ನೋಡಿ, ಎಳ್ಳಷ್ಟು ಕುಂದಿದ್ದರೂ ಅಲ್ಲಿಯೇ ಸುತ್ತಿಗೆಯಿಂದ ಒಡೆದು ರಾಶಿ ಹಾಕುವರು. ಕುಂದಿನ ಪಾತ್ರೆ ತಮ್ಮ ಹೆಸರಿನಲ್ಲಿ ಹೊರಹೋಗಬಾರದೆಂಬ ಛಲ. ಯೀ ಸೂಕ್ಯುಂಗ್ ಈ ರಾಶಿಯ ಚೂರುಗಳನ್ನು ಬೇಡಿ ತಂದು, ಒಂದಕ್ಕೊಂದು ಹೊಂದುವಂತೆ ಕೂಡಿಸಿ, ಸಂದುಗಳನ್ನು ೨೪ ಕ್ಯಾರಟ್ಟಿನ ಚಿನ್ನದ ರೇಕಿನಿಂದ ಮುಚ್ಚಿ, ಹಿಂದೆಂದೂ ಇಲ್ಲದ ಉಬ್ಬುಬ್ಬಾದ ಆಕೃತಿಗಳನ್ನು ಕಟ್ಟುವಳು. ‘ಅನುವಾದಗೊಂಡ ಹೂಜಿ’ ಎಂಬುದು ಈ ಮಾಲೆಯ ಹೆಸರು. ೨೦೧೭ರಲ್ಲಿ ವೆನಿಸ್ ನಗರದ ಮಹಾಪ್ರದರ್ಶನದಲ್ಲಿ ಈ ಮಾಲೆಯ ಸುಮಾರು ೧೬ ಅಡಿ ಎತ್ತರದ ಪ್ರತಿಮೆಯೊಂದು ನಿಂತಿತ್ತು. ಜಪಾನೀಯರ ಜೋಡಣೆಯು ಒಡೆದುದನ್ನು ಹಿಂದಿನ ರೂಪಕ್ಕೆ ತರುವುದು, ಈಕೆಯದು ಹಾಗಲ್ಲ. ಹತ್ತು ಹೂಜಿಗಳ ಚೂರುಗಳು ಸೇರಿದರೆ ಹೂಜಿಯಾಗದೆ, ಮೋಡದಂತೆಯೋ ಗರ್ಭದಂತೆಯೋ ಇರುವ ಇನ್ನೇನೋ ಆಗುವುದು. ಒಡೆದ ಕುಂಬಾರನ ಕಟ್ಟುನಿಟ್ಟೂ ಕೂಡಿಸಿದ ಶಿಲ್ಪಿಯ ಕರುಣೆಯೂ ಒಂದೇ ಪ್ರತಿಮೆಯಲ್ಲಿರುವುವು. ಇಬ್ಬರಲ್ಲಿ ಯಾರು ಸರಿಯೆಂದು ಕೇಳಿದರೆ, ಆ ಕುಂಬಾರನು ಅಷ್ಟು ನಿಷ್ಠುರನಾಗಿಲ್ಲದಿದ್ದರೆ ಚೂರುಗಳು ಅಷ್ಟು ಸೊಗಸಾಗಿರುತ್ತಿರಲಿಲ್ಲವೆಂದಷ್ಟೇ ಹೇಳಬಲ್ಲೆನು.

ಪುರಾತನ ಪ್ರತಿಮೆಗಳನ್ನು ಕೂಡಿಸುವವರ ಧರ್ಮಸಂಕಟ ಬೇರೆ. ೧೯೭೪ರಲ್ಲಿ ಚೀನಾದ ಷಿಯಾನ್ ನಗರದ ಬಳಿ ರೈತರು ಬಾವಿ ತೋಡುವಾಗ, ಕ್ರಿ. ಪೂ. ೨೧೦ರಲ್ಲಿ ತೀರಿಕೊಂಡ ಮೊದಲನೆಯ ಚಕ್ರವರ್ತಿಯ ಮಣ್ಣಿನ ಸೇನೆಯು ಕಾಣಿಸಿಕೊಂಡಿತು. ಏಳೆಂಟು ಸಾವಿರ ಆಳುಗಳೆಂದು ಅಂದಾಜು. ಚಿತ್ರಗಳಲ್ಲಿ ಸಾಲಾಗಿ ನಿಂತ ಈ ಭಟರನ್ನು ನೋಡಿದವರು ಅವರು ನೆಲದಡಿಯಲ್ಲಿ ಹೀಗೆಯೇ ನಿಂತಿದ್ದರೆಂದು ಭಾವಿಸುವರು. ಹಾಗಲ್ಲ, ಮೇಲಿನ ಮರದ ಮಾಡು ಸುಟ್ಟು ಕುಸಿದು ಬಹುಮಟ್ಟಿಗೆ ಎಲ್ಲವೂ ನುಚ್ಚುನೂರಾಗಿದ್ದುವು. ಚೂರುಗಳನ್ನು ಒಂದೊಂದಾಗಿ ಹೊಂದಿಸಿ ನಿಲ್ಲಿಸಿದುದು ನಮ್ಮ ಕಾಲದವರ ಕೆಲಸ. ಹತ್ತಿರ ಹೋದರೆ ಭಟರ ಮೈತುಂಬ ಗೆರೆಗಳು ಕಾಣುವುವು. ಮೊದಲು ಈ ಪ್ರತಿಮೆಗಳಿಗೆ ಬಣ್ಣವಿದ್ದಿತು. ಬಣ್ಣದ ಕೆಳಗೆ ಬಳಿದಿದ್ದುದು ಅದೇ ಉರುಷಿ ಮರದ ಸೊನೆ. ಎರಡು ಸಾವಿರ ವರ್ಷ ತೇವದ ನೆಲದಲ್ಲಿ ಹಾಯಾಗಿದ್ದ ಆ ಪೊರೆಯು ಒಣಗಾಳಿ ಸೋಕಿದೊಡನೆ, ನೋಡುತ್ತಿರುವಂತೆಯೇ, ಕೆಲವು ನಿಮಿಷಗಳಲ್ಲಿ ಸುರುಳಿ ಸುತ್ತಿ ಬಣ್ಣಸಹಿತ ಉದುರಿಹೋಗುತ್ತಿತ್ತು. ಬಿರುಕು ಬೆಸೆಯುವ ಸೊನೆಯೂ ತೇವ ತಪ್ಪಿದರೆ ತಾನೇ ಬಿರಿಯುವುದು. ಈಗ ತೆಗೆದ ಕೂಡಲೆ ಔಷಧದ್ರವವನ್ನು ಹೀರಿಸಿ ಬಣ್ಣವನ್ನು ಉಳಿಸುವ ವಿಧಾನವನ್ನು ಚೀನೀಯರೂ ಜರ್ಮನರೂ ಸೇರಿ ಸಾಧಿಸಿರುವರು. ಇಟಲಿಯ ಪಂಡಿತ ಚೇಸರೆ ಬ್ರಾಂದಿಯು ೧೯೬೩ರ ತನ್ನ ಗ್ರಂಥದಲ್ಲಿ, ದುರಸ್ತಿಯು ದೂರದಿಂದ ಕಣ್ಣಿಗೆ ಹೊಡೆಯಬಾರದು, ಹತ್ತಿರದಿಂದ ನೋಡಿದವನಿಗೆ ಮರೆಯಾಗಲೂಬಾರದು ಎಂಬ ಅಭಿಪ್ರಾಯವನ್ನು ಸ್ಥಾಪಿಸಿದನು. ಪ್ರಾಮಾಣಿಕತೆಗೂ ಮರ್ಯಾದೆಗೂ ಎಡೆಯಿರುವ ಮಾತಿದು.

ನಮ್ಮ ಶಾಸ್ತ್ರಗಳಲ್ಲಿ ಭಗ್ನವಾದ ವಿಗ್ರಹವು ಪೂಜೆಗೆ ಅರ್ಹವಲ್ಲ. ಕಲ್ಲಾದರೆ ನೀರಿಗೆ ಬಿಟ್ಟು ಜೀರ್ಣೋದ್ಧಾರ ಮಾಡುವರು. ಹಸಿಮಣ್ಣಿನ ಗೌರಿಗಣೇಶರು ಒಡೆಯುವುದಕ್ಕೆ ಮೊದಲೇ ನೀರು ಸ�ೇರುವರು. ಒಡಕಿಗೆ ಇಲ್ಲಿ ಎಡೆಯೇ ಇಲ್ಲವೆಂದು ತೋರಬಹುದು. ಆದರೆ ತಮಿಳುನಾಡಿನ ಪುದುಕ್ಕೋಟೆ ಮೊದಲಾದ ಸೀಮೆಗಳಲ್ಲಿ ಹಳ್ಳಿಯ ಎಲ್ಲೆಯ ತೋಪುಗಳಿಗೆ ಹೋದವರು ಬೇರೊಂದು ನೋಟವನ್ನು ಕಾಣುವರು. ಅಲ್ಲಿಯ ಕಾವಲುದೈವ ಅಯ್ಯನಾರನಿಗೆ ಹರಕೆಯಾಗಿ ಮಣ್ಣಿನ ಕುದುರೆಗಳನ್ನು ಒಪ್ಪಿಸುವರು. ಕೆಲವು ಆಳೆತ್ತರವನ್ನೂ ಮೀರಿದವು. ಮಾಡುವವರು ವೇಳಾರರೆಂಬ ಕುಂಬಾರರು, ಎಷ್ಟೋ ಕಡೆಗಳಲ್ಲಿ ಪೂಜಾರಿಗಳೂ ಅವರೇ. ಮಣ್ಣಿಗೆ ಮರಳನ್ನೂ ಬತ್ತದ ಹೊಟ್ಟನ್ನೂ ಬೆರೆಸಿ, ಒಳಗೆ ಟೊಳ್ಳಾಗಿ ಕಾಲಿನಿಂದ ಮೇಲಕ್ಕೆ ಕಟ್ಟುತ್ತ ಹೋಗುವರು. ಹೊಟ್ಟು ಸುಟ್ಟುಹೋದ ಎಡೆಗಳಲ್ಲಿ ಆವಿಗೆ ದಾರಿಯಾಗುವುದು. ದೊಡ್ಡ ಕುದುರೆಯನ್ನು ಅದು ನಿಂತಲ್ಲಿಯೇ ಸುತ್ತಲೂ ಸೌದೆ, ಹುಲ್ಲು, ಬೆರಣಿ ಒಟ್ಟಿ ಸುಡುವರು. ಹಬ್ಬದ ದಿನ ಕಣ್ಣು ತೆರೆಸಿ ಒಪ್ಪಿಸಿದ ಮೇಲೆ ಅದರ ಕಡೆಗೆ ಯಾರೂ ಕೈಹಾಕುವುದಿಲ್ಲ. ಬಿರುಕು ಬಿದ್ದರೆ ಮೆತ್ತುವುದಿಲ್ಲ, ಕಿವಿ ಉದುರಿದರೆ ಅಂಟಿಸುವುದಿಲ್ಲ. ಚಿನ್ನದ ಮಾತು ಹಾಗಿರಲಿ, ಹಿಡಿ ಮಣ್ಣನ್ನೂ ಹಚ್ಚುವುದಿಲ್ಲ. ಮುಂದಿನ ಹರಕೆಯ ಕುದುರೆಯನ್ನು ಪಕ್ಕದಲ್ಲಿಯೇ ತಂದು ನಿಲ್ಲಿಸುವರು. ಹೀಗೆ ಒಂದೇ ಸಾಲಿನಲ್ಲಿ ಸುಣ್ಣಬಣ್ಣದಿಂದ ಹೊಳೆಯುವ ಹೊಸ ಕುದುರೆಯೂ, ಮೈಯೆಲ್ಲ ಸೀಳಿದ ಹಳೆಯದೂ, ತಲೆಯಿಲ್ಲದುದೂ, ನಾಲ್ಕು ಕಾಲುಗಳು ಮಾತ್ರ ಉಳಿದುದೂ, ಅದರಾಚೆಗೆ ಬೋಕಿಗಳ ದಿಬ್ಬವೂ ಇರುವುವು. ಬಿರುಕಿನೊಳಗಿಂದ ಬೇವಿನ ಸಸಿ ಎದ್ದಿರುವುದು, ಟೊಳ್ಳಾದ ಹೊಟ್ಟೆಯೊಳಗೆ ಓತಿಕೇತಗಳು ಮನೆ ಮಾಡಿಕೊಂಡಿರುವುವು.